ಪಿಕಪ್‌ನ ಹೆಚ್ಚುವರಿ ಲೈಟಿಗೆ ಮಾಡಿದ ಬ್ರಾಕೆಟ್ ಮಡಿಕೆಯಲ್ಲೇ ಸೀಳಿದೆ, ಇನ್ನೂ ದಪ್ಪದ ಪಟ್ಟಿ ಹಾಕಲೇ?

ನೀವು ಕೊಟ್ಟ ವಿವರ ಇಷ್ಟು: ಪಿಕಪ್‌ನ ಮುಂಭಾಗದಲ್ಲಿ ಏಳಿಂಚಿನ ಎರಡು ಲೈಟ್, ತಲಾ ಸುಮಾರು ಒಂದೂವರೆ ಕಿಲೋ. 40 ಮಿ.ಮೀ. ಅಗಲ, 3 ಮಿ.ಮೀ. ದಪ್ಪದ ಕಬ್ಬಿಣದ ಪಟ್ಟಿಗೆ ಗ್ರೈಂಡರ್‌ನಲ್ಲಿ ಅರ್ಧ ಆಳ ಗೀರು ಹಾಕಿ ಎಲ್ ಆಕಾರಕ್ಕೆ ಮಡಿಸಿದ್ದೀರಿ. ಕೆಟ್ಟ ರಸ್ತೆಯಲ್ಲಿ ಬೆಳಕು ನಡುಗುತ್ತದೆ, ಒಂದು ಬ್ರಾಕೆಟ್ ಮಡಿಕೆಯಲ್ಲಿ ಸೀಳಿದೆ. 5 ಮಿ.ಮೀ. ಪಟ್ಟಿ ತಂದು ಹೀಗೇ ಮಾಡಿದರೆ ಸಾಕೇ ಎಂಬುದು ಪ್ರಶ್ನೆ. ಸಾಲದು. ದಪ್ಪದ ಮಾತು ಆಮೇಲೆ, ಮೊದಲು ಆಕಾರ ಬದಲಾಗಬೇಕು.

ಸೀಳಿದ ಕಾರಣ ಆ ಗೀರಿನಲ್ಲೇ ಇದೆ. ಪಟ್ಟಿ ಬಾಗದೆ ನಿಲ್ಲುವ ಗುಣ ದಪ್ಪದ ಘನಕ್ಕೆ ತಕ್ಕಂತೆ ಏರಿಳಿಯುತ್ತದೆ. ಅರ್ಧ ಆಳ ಗೀರಿದ ಜಾಗದಲ್ಲಿ ಉಳಿದದ್ದು 1.5 ಮಿ.ಮೀ., ಅಂದರೆ ಅಲ್ಲಿ ಬಿಗಿತ ಎಂಟರಲ್ಲಿ ಒಂದು ಪಾಲು, ಬಲ ನಾಲ್ಕರಲ್ಲಿ ಒಂದು ಪಾಲು. ಲೈಟ್ ಕುಣಿದಾಗ ಬಾಗುವ ಒತ್ತಡ ಅತಿ ಹೆಚ್ಚಾಗುವುದೂ ಆ ಮೂಲೆಯಲ್ಲೇ. ಮಡಿಸಿದ ಮೇಲೆ ಗೀರನ್ನು ವೆಲ್ಡ್‌ನಿಂದ ತುಂಬಿದ್ದರೂ ಒಂದಷ್ಟು ದಿನ ಹೆಚ್ಚು ಬಾಳುತ್ತಿತ್ತು.

ಈಗ ಲೆಕ್ಕ ನೋಡಿ. 3ರ ಬದಲು 5 ಮಿ.ಮೀ. ಹಾಕಿದರೆ ಬಿಗಿತ ಸುಮಾರು 4.6 ಪಟ್ಟು, ಜೊತೆಗೆ ತೂಕವೂ ಏರುತ್ತದೆ. ಅದೇ 40 ಮಿ.ಮೀ. ಅಗಲದ 3 ಮಿ.ಮೀ. ತಗಡಿನ ಎರಡೂ ಅಂಚುಗಳಲ್ಲಿ 20 ಮಿ.ಮೀ. ಎತ್ತರದ ಕಿವಿ ಎಬ್ಬಿಸಿ ಸಿ ಚಾನೆಲ್‌ನಂತೆ ಮಾಡಿದರೆ ಸುಮಾರು 90 ಪಟ್ಟು. ಆದರೆ ಎಲ್ ಮಡಿಕೆಯ ಮೂಲೆಯಲ್ಲಿ ಕಿವಿಗಳನ್ನು ಕತ್ತರಿಸಲೇಬೇಕಾಗುತ್ತದೆ, ಹಾಗಾಗಿ ಬಲ ಬೇಕಾದ ಕಡೆಯೇ ಅವು ಇರುವುದಿಲ್ಲ. ಆ ಕೊರತೆ ತುಂಬುವುದು ಗಸೆಟ್, ಅಂದರೆ ಮೂಲೆಗೆ ಆಸರೆಯಾಗಿ ವೆಲ್ಡ್ ಮಾಡುವ ತ್ರಿಕೋನದ ತುಂಡು. ನಾನಾದರೆ 4 ಮಿ.ಮೀ. ಎಂ.ಎಸ್. (ಮೈಲ್ಡ್ ಸ್ಟೀಲ್, ಮಾಮೂಲಿ ಕಬ್ಬಿಣ) ಪ್ಲೇಟಿನಲ್ಲಿ ಎಲ್ ಮಾಡಿ, ಎರಡೂ ಬದಿಗೆ 3 ಮಿ.ಮೀ. ಗಸೆಟ್ ಇಡುತ್ತೇನೆ. ಈ ತೂಕಕ್ಕೆ ಅದಕ್ಕಿಂತ ಭಾರಿ ಬೇಡ.

ಕಬ್ಬಿಣ ಕತ್ತರಿಸುವ ಮೊದಲು ಬ್ರಾಕೆಟ್ ಯಾವುದಕ್ಕೆ ಕಚ್ಚಿಕೊಳ್ಳುತ್ತದೆ ಎಂದು ತೀರ್ಮಾನಿಸಿ. ಚಾಸಿ ಬೇರೆ, ಬಾಡಿ ಬೇರೆ ಇರುವ ಪಿಕಪ್‌ಗಳಲ್ಲಿ ಕ್ಯಾಬಿನ್ ರಬ್ಬರ್ ಬುಶ್‌ಗಳ ಮೇಲೆ ಕೂತಿರುತ್ತದೆ, ಬಂಪರ್ ಚಾಸಿಗೆ ಸೇರಿರುತ್ತದೆ. ಗುಂಡಿಗೆ ಬಿದ್ದಾಗ ಎರಡೂ ಬೇರೆಬೇರೆ ಆಡುತ್ತವೆ. ಒಂದು ಕಾಲು ಚಾಸಿಗೆ, ಇನ್ನೊಂದು ಗ್ರಿಲ್ ಹಿಂದಿನ ಬಾಡಿಗೆ ಕಟ್ಟಿದರೆ ಎಷ್ಟು ದಪ್ಪದ ಬ್ರಾಕೆಟ್ ಆದರೂ ಹರಿಯುತ್ತದೆ, ಇಲ್ಲವೇ ತೂತು ಅಗಲವಾಗುತ್ತದೆ. ಎಲ್ಲವನ್ನೂ ಒಂದಕ್ಕೇ ಕಟ್ಟಿ. ಬಂಪರ್ ಹಿಂದೆ ಚಾಸಿಯ ತುದಿಯಲ್ಲಿ ಈಗಾಗಲೇ ಇರುವ ಬೋಲ್ಟ್‌ಗಳೇ ಒಳ್ಳೆಯ ಜಾಗ. ಚಾಸಿಗೆ ಹೊಸ ತೂತು ಕೊರೆಯಬೇಡಿ, ಅದರ ಮೇಲೆ ವೆಲ್ಡ್ ಮಾಡಬೇಡಿ. ಏರ್‌ಬ್ಯಾಗ್ ಇರುವ ಗಾಡಿಯಲ್ಲಿ ಅದರ ಸೆನ್ಸರ್ ಮುಂಭಾಗದಲ್ಲೇ ಎಲ್ಲಾದರೂ ಇರಬಹುದು, ಅದರ ಬೋಲ್ಟ್ ಮುಟ್ಟಲೇಬೇಡಿ. ಲೈಟ್ ರೇಡಿಯೇಟರ್‌ಗೆ ಹೋಗುವ ಗಾಳಿಗೆ ಅಡ್ಡ ಬರುತ್ತದೆಯೇ, ಬಾನೆಟ್ ತೆರೆಯುತ್ತದೆಯೇ ಎಂದೂ ನೋಡಿಕೊಳ್ಳಿ.

ಹಳೆಯ ಬೋಲ್ಟ್ ಬಳಸುವಾಗ ಒಂದು ವಿಷಯ ಬಹಳ ಜನ ಮರೆಯುತ್ತಾರೆ. ತಲೆಯ ಕೆಳಗೆ 4 ಮಿ.ಮೀ. ಪ್ಲೇಟ್ ಬಂದರೆ ಒಳಗೆ ಕಚ್ಚುವ ಮರೆ (ಥ್ರೆಡ್) ಅಷ್ಟೇ ಕಡಿಮೆಯಾಗುತ್ತದೆ. ಅಷ್ಟು ಉದ್ದ ಹೆಚ್ಚಿರುವ, ಅದೇ ಗ್ರೇಡಿನ (ತಲೆಯ ಮೇಲೆ ಅಚ್ಚಾದ ಬಲದ ಅಂಕಿ) ಬೋಲ್ಟ್ ತನ್ನಿ. ಪಿಚ್, ಅಂದರೆ ಮರೆಯ ಎರಡು ಸುತ್ತುಗಳ ನಡುವಿನ ಅಂತರ, ಅಳೆದು ತನ್ನಿ; ಎಂ10 (10 ಮಿ.ಮೀ. ವ್ಯಾಸದ ಬೋಲ್ಟ್) ಎಂದರೆ 1.5 ಮಿ.ಮೀ. ಇರಬಹುದು, 1.25 ಕೂಡ ಇರಬಹುದು. ಕೈಯಲ್ಲಿ ಮೂರು ನಾಲ್ಕು ಸುತ್ತು ಸಲೀಸಾಗಿ ಹೋಗದಿದ್ದರೆ ಸ್ಪ್ಯಾನರ್ ಹಾಕಬೇಡಿ. ಬ್ರಾಕೆಟ್ ಒಂದಕ್ಕೆ ಕನಿಷ್ಠ ಎರಡು ಬೋಲ್ಟ್ ಇರಲಿ. ಒಂದೇ ಇದ್ದರೆ ಅದೇ ಕೀಲಾಗಿ ಲೈಟ್ ಮೂಗು ತಗ್ಗಿಸುತ್ತದೆ.

ಅಳತೆಗೆ ದಪ್ಪ ರಟ್ಟು ಸಾಕು. ರಟ್ಟನ್ನು ಜಾಗದಲ್ಲಿ ಹಿಡಿದು ಬೋಲ್ಟ್ ತಲೆಗಳ ಮೇಲೆ ಹೆಬ್ಬೆರಳಿಂದ ಒತ್ತಿದರೆ ಗುರುತು ತಾನೇ ಬೀಳುತ್ತದೆ. ಮಡಿಸಿ, ಟೇಪ್ ಹಚ್ಚಿ, ಲೈಟ್ ಕೂರಿಸಿ ನೋಡಿ. ಬಲಕ್ಕೆ ಮಾಡಿದ್ದನ್ನು ತಿರುಗಿಸಿದರೆ ಎಡಕ್ಕೆ ಸರಿಹೋಗುತ್ತದೆ ಎಂದು ನಂಬಬೇಡಿ, ಎರಡೂ ಕಡೆ ಹಿಡಿದು ನೋಡಿ. ತೂತಿನ ನಡುವಿನಿಂದ ಪ್ಲೇಟಿನ ಅಂಚಿಗೆ ಬೋಲ್ಟ್ ವ್ಯಾಸದ ಎರಡರಷ್ಟು ಬಿಡಿ. ಎಂ8ಕ್ಕೆ 9 ಮಿ.ಮೀ., ಎಂ10ಕ್ಕೆ 11 ಮಿ.ಮೀ. ತೂತು. ಮೊದಲು 3 ಮಿ.ಮೀ. ಬಿಟ್‌ನಲ್ಲಿ ಕೊರೆದು ಆಮೇಲೆ ದೊಡ್ಡದು ಮಾಡಿ, ಅಂಚಿನ ಮುಳ್ಳನ್ನು ಅರದಿಂದ ತೆಗೆಯಿರಿ. ಬಿರುಕು ಹುಟ್ಟುವುದು ಅಂಥ ಮುಳ್ಳಿನಲ್ಲೇ.

ಮಡಿಕೆಯ ಒಳ ತಿರುವು ಪ್ಲೇಟ್ ದಪ್ಪಕ್ಕಿಂತ ಕಡಿಮೆ ಇರಬಾರದು. 4 ಮಿ.ಮೀ. ಪ್ಲೇಟಿಗೆ ವೈಸ್‌ನ ದವಡೆ ಮೇಲೆ 8 ಮಿ.ಮೀ. ಸರಳು ಇಟ್ಟು ಅದರ ಸುತ್ತ ಬಡಿದರೆ ತಿರುವು ಚೆನ್ನಾಗಿ ಬರುತ್ತದೆ. ಮಡಿಕೆ ಗೆರೆಯನ್ನು ಮೊಳೆಯಿಂದ ಗೀಚಬೇಡಿ, ಮಾರ್ಕರ್‌ನಲ್ಲಿ ಎಳೆಯಿರಿ. ಬಡಿದು ಮಡಿಸಲು ಕಷ್ಟವಾದರೆ ಗೀರುವ ಬದಲು ಎರಡು ತುಂಡು ಕತ್ತರಿಸಿ ಮೂಲೆಯಲ್ಲಿ ಒಳಗೂ ಹೊರಗೂ ವೆಲ್ಡ್ ಮಾಡಿ.

ಗಸೆಟ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಕೆಲಸ ಕೆಡುವುದು ಇಲ್ಲಿ. ಅದರ ಉದ್ದ ಎಲ್‌ನ ತೋಳಿನ ಮೂರರಲ್ಲಿ ಎರಡು ಪಾಲು ಬಂದರೆ ಸಾಕು. ಒಳಮೂಲೆಯನ್ನು 10 ಮಿ.ಮೀ. ಓರೆಯಾಗಿ ಕತ್ತರಿಸಿ, ಮಡಿಕೆಯ ತಿರುವಿಗೆ ತಾಗುವುದಿಲ್ಲ, ನೀರೂ ನಿಲ್ಲುವುದಿಲ್ಲ. ಚೂಪು ತುದಿಗಳನ್ನೂ 8 ಮಿ.ಮೀ.ಯಷ್ಟು ಮೊಂಡು ಮಾಡಿ. ಚೂಪು ತುದಿ ಕರಗಿ ಗುಳಿ ಬೀಳುತ್ತದೆ, ಮುಂದಿನ ಸೀಳು ಅಲ್ಲಿಂದಲೇ ಶುರುವಾಗುತ್ತದೆ. ವೆಲ್ಡನ್ನು ತುದಿಯಲ್ಲಿ ನಿಲ್ಲಿಸದೆ ಸುತ್ತಿಸಿ ತನ್ನಿ. ಮೊದಲು ನಾಲ್ಕು ಕಡೆ ಟ್ಯಾಕ್ (ಹಿಡಿದಿಡುವಷ್ಟು ಚುಕ್ಕೆ ವೆಲ್ಡ್) ಹಾಕಿ, ಗಾಡಿಗೆ ಹಿಡಿದು ನೋಡಿ, ಬಿಚ್ಚಿ ತಂದು ಪೂರ್ತಿ ವೆಲ್ಡ್ ಮಾಡಿ. ಒಂದು ಬದಿ ಮುಗಿಸಿ ಇನ್ನೊಂದಕ್ಕೆ ಹೋದರೆ ಪ್ಲೇಟ್ ಎಳೆದುಕೊಳ್ಳುತ್ತದೆ, ಬದಿ ಬದಲಿಸುತ್ತಾ ಸಣ್ಣ ಸಣ್ಣ ಓಟ ಹಾಕಿ. ಇದೆಲ್ಲಕ್ಕೂ ಮೊದಲು ಲೈಟಿನ ನಟ್ಟಿಗೆ ಸಾಕೆಟ್ ಹೋಗುತ್ತದೆಯೇ ಎಂದು ಹಾಕಿ ನೋಡಿ. ಅಂದವಾಗಿ ವೆಲ್ಡ್ ಆದ ಮೇಲೆ ನಟ್ಟು ತಿರುಗಿಸಲು ಜಾಗವಿಲ್ಲದ ಬ್ರಾಕೆಟ್‌ಗಳು ಬೇಕಾದಷ್ಟಿವೆ. ಗ್ಯಾಲ್ವನೈಸ್ ಆದ ಪ್ಲೇಟ್ ಆಗಿದ್ದರೆ ವೆಲ್ಡ್ ಬೀಳುವ ಕಡೆ ಸತುವನ್ನು ಉಜ್ಜಿ ತೆಗೆಯಿರಿ, ಅದರ ಹೊಗೆ ಜ್ವರ ತರಿಸುತ್ತದೆ.

ಅಲ್ಯೂಮಿನಿಯಂ ಹಗುರ ನಿಜ, ಆದರೆ 6061-ಟಿ6 ಎಂಬ ಗಟ್ಟಿ ಬಗೆಯನ್ನು ಬಿಗಿಯಾಗಿ ಮಡಿಸಿದರೆ ಬಿರುಕು ಬಿಡುತ್ತದೆ, ವೆಲ್ಡ್ ಸುತ್ತ ಬಲ ಕಳೆದುಕೊಳ್ಳುತ್ತದೆ. ಮಡಿಸಲು 5052 ಎಂಬ ಬಗೆ ಒಳ್ಳೆಯದು. ಮೊದಲ ಸಲ ಮಾಡುವವರಿಗೆ ಕಬ್ಬಿಣವೇ ಸರಿ.

ಬಣ್ಣಕ್ಕೆ ಸತು ಇರುವ ಪ್ರೈಮರ್, ಮೇಲೆ ಎರಡು ತೆಳು ಕೋಟು. ಬೋಲ್ಟ್ ತಲೆ ಕೂರುವ ಕಡೆ ಪೌಡರ್ ಕೋಟಿಂಗ್ ದಪ್ಪಗಿದ್ದರೆ ಅದು ಕ್ರಮೇಣ ಅಮುಕಿ ಬಿಗಿ ಸಡಿಲುತ್ತದೆ, ಅಲ್ಲಿ ತೆಳುವಾಗಿಯೇ ಇರಲಿ. 8.8 ಗ್ರೇಡಿನ ಎಂ8ಕ್ಕೆ ಸುಮಾರು 25 ನ್ಯೂಟನ್ ಮೀಟರ್ ಬಿಗಿ ಸಾಕು. ಚಾಸಿಯ ಬೋಲ್ಟ್‌ಗಳಿಗೆ ಗಾಡಿಯ ಸರ್ವೀಸ್ ಪುಸ್ತಕದಲ್ಲಿರುವ ಅಂಕಿಯೇ ಅಂತಿಮ. ಲೈಟಿನ ಬೋಲ್ಟಿಗೆ ನೈಲಾಕ್ ನಟ್ (ಸಡಿಲದಂತೆ ಒಳಗೆ ನೈಲಾನ್ ಉಂಗುರ ಇರುವುದು) ಹಾಕಿ.

ಅರ್ಥ್‌ಗೆ ಬ್ರಾಕೆಟ್ ನಂಬಬೇಡಿ, ಬಣ್ಣ ಅಡ್ಡ ಬರುತ್ತದೆ, ಪ್ರತ್ಯೇಕ ತಂತಿ ಎಳೆಯಿರಿ. 55 ವ್ಯಾಟಿನ ಎರಡು ಹ್ಯಾಲೊಜನ್ ಆದರೆ 12 ವೋಲ್ಟಿನಲ್ಲಿ ಸುಮಾರು 9.2 ಆಂಪಿಯರ್: 2.5 ಚದರ ಮಿ.ಮೀ. ತಂತಿ, ರಿಲೇ, ಬ್ಯಾಟರಿ ಪಕ್ಕದಲ್ಲೇ 15 ಆಂಪಿಯರ್ ಫ್ಯೂಸ್.

ಕೂರಿಸಿದ ಮೇಲೆ ನಟ್ಟಿನಿಂದ ಪ್ಲೇಟಿಗೆ ಅಡ್ಡವಾಗಿ ಬಣ್ಣದ ಗೆರೆ ಎಳೆಯಿರಿ. ನೂರು ಕಿ.ಮೀ. ಓಡಿಸಿ ನೋಡಿದಾಗ ಗೆರೆ ತುಂಡಾಗಿದ್ದರೆ ನಟ್ಟು ತಿರುಗಿದೆ ಎಂದರ್ಥ. ಗೆರೆ ನೆಟ್ಟಗಿದ್ದೂ ಬೆಳಕು ನಡುಗುತ್ತಿದ್ದರೆ ಎಂಜಿನ್ ಓಡುವಾಗ ಲೈಟಿನ ಅಂಚನ್ನು ಬೆರಳಲ್ಲಿ ಹಿಡಿಯಿರಿ. ಬ್ರಾಕೆಟ್ ಅಲುಗದೆ ಲೈಟ್ ಮಾತ್ರ ಅಲುಗುತ್ತಿದ್ದರೆ ತಪ್ಪು ಅದರ ಒಂಟಿ ಬೋಲ್ಟಿನದು. ಆಗ ಲೈಟಿನ ಮೇಲ್ತುದಿಯಿಂದ ಬ್ರಾಕೆಟ್ ಬುಡಕ್ಕೆ 6 ಮಿ.ಮೀ. ಸರಳಿನ ಆಸರೆ ಕೊಡಿ. ಬುಡ ಚಾಸಿಗೆ ಸೇರಿದ್ದರೆ ಆ ಸರಳೂ ಚಾಸಿಗೇ ಬರಲಿ, ಗ್ರಿಲ್‌ಗೆ ಬೇಡ.