ಓದುಗರ ಪ್ರಶ್ನೆ, ನಮ್ಮ ಉತ್ತರ: ಚೆಲುವಪಿಳ್ಳೆಯ ಪಾದದ ಬಳಿ ಇರುವವಳು ಯಾರು?

ಮೇಲುಕೋಟೆಯ ಬಗ್ಗೆ ಒಂದೇ ತಿಂಗಳಲ್ಲಿ ನಾಲ್ಕು ಪತ್ರಗಳು ಬಂದಿರುವುದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಆ ಊರಿಗೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ರಾಮಾನುಜಾಚಾರ್ಯರು ದಿಲ್ಲಿಯ ಸುಲ್ತಾನನ ಅರಮನೆಯಿಂದ ಚೆಲುವಪಿಳ್ಳೆಯ ವಿಗ್ರಹವನ್ನು ತಂದರೆಂದೂ ಸುಲ್ತಾನನ ಮಗಳು ಅದನ್ನು ಹಿಂಬಾಲಿಸಿ ಬಂದಳೆಂದೂ ಮೇಲುಕೋಟೆಯಲ್ಲಿ ಕೇಳಿದೆ. ದಿಲ್ಲಿಯಲ್ಲಿ ಸುಲ್ತಾನರ ಆಳ್ವಿಕೆ ಶುರುವಾದದ್ದು 1206ರಲ್ಲಿ ಎಂದು ಶಾಲೆಯಲ್ಲಿ ಕಲಿತಿದ್ದೇನೆ. ಈ ಎರಡೂ ಹೇಗೆ ಹೊಂದುತ್ತವೆ? (ಓದುಗರು, ತುಮಕೂರು)

ಉತ್ತರ: ಹೊಂದುವುದಿಲ್ಲ, ತಮ್ಮ ಲೆಕ್ಕ ಸರಿಯಾಗಿಯೇ ಇದೆ. ಶ್ರೀವೈಷ್ಣವ ಸಂಪ್ರದಾಯವು ರಾಮಾನುಜರ ಕಾಲವನ್ನು 1017ರಿಂದ 1137ರವರೆಗೆ, ಅಂದರೆ ಪೂರ್ತಿ 120 ವರ್ಷ, ಎಂದು ಎಣಿಸುತ್ತದೆ. ಚೋಳರಾಜನ ಕಿರುಕುಳಕ್ಕೆ ಶ್ರೀರಂಗವನ್ನು ಬಿಟ್ಟು ಬಂದ ಅವರು ತೊಣ್ಣೂರು ಮತ್ತು ಮೇಲುಕೋಟೆಗಳಲ್ಲಿ ಸುಮಾರು ಹನ್ನೆರಡು ವರ್ಷ ನೆಲೆಸಿದ್ದರು ಎಂಬುದು ಅದೇ ಸಂಪ್ರದಾಯದ ಮಾತು. ಆಗ ದಿಲ್ಲಿ ತೋಮರ ಅರಸರ ಊರು. ತರಾಯಿನ್‌ನಲ್ಲಿ ಪೃಥ್ವೀರಾಜ ಸೋತದ್ದು 1192ರಲ್ಲಿ, ಕುತುಬುದ್ದೀನ್ ಐಬಕ್ ಗದ್ದುಗೆ ಏರಿದ್ದು 1206ರಲ್ಲಿ. ರಾಮಾನುಜರು ಹೋಗಿ ಭೇಟಿಯಾಗಲು ಅಲ್ಲಿ ಸುಲ್ತಾನನೇ ಇರಲಿಲ್ಲ.

ಹಾಗೆಂದು ಕಥೆಯನ್ನು ಪಕ್ಕಕ್ಕೆ ತಳ್ಳುವ ಮೊದಲು ಅದನ್ನು ಒಮ್ಮೆ ಪೂರ್ತಿಯಾಗಿ ಕೇಳಬೇಕು. ಹುತ್ತದೊಳಗೆ ಮರೆಯಾಗಿದ್ದ ತಿರುನಾರಾಯಣನ ಮೂಲಮೂರ್ತಿಯನ್ನು ರಾಮಾನುಜರು ಕನಸಿನ ಸೂಚನೆಯಂತೆ ಹೊರತೆಗೆಸಿ ಪ್ರತಿಷ್ಠಾಪಿಸಿದರು; ಆದರೆ ಬೀದಿಯಲ್ಲಿ ಮೆರೆಯುವುದಕ್ಕೆ ಉತ್ಸವಮೂರ್ತಿ ಇರಲಿಲ್ಲ. ಶ್ರೀರಾಮನೇ ಪೂಜಿಸಿದ್ದರಿಂದ ರಾಮಪ್ರಿಯ ಎಂದು ಹೆಸರಾದ, ಕುಶನ ಮಗಳ ಮದುವೆಯ ಮೂಲಕ ಯಾದವರ ಮನೆಗೆ ಬಂದ ಆ ಮೂರ್ತಿ ದಿಲ್ಲಿಯ ಅರಮನೆಯನ್ನು ಸೇರಿತ್ತು, ಅಲ್ಲಿ ರಾಜಕುಮಾರಿಯೊಬ್ಬಳು ಅದನ್ನು ಗೊಂಬೆಯಂತೆ ಎತ್ತಿ ಆಡಿಸುತ್ತಿದ್ದಳು. ಆಚಾರ್ಯರು ಹೋಗಿ ಕರೆದಾಗ ವಿಗ್ರಹವು ಕಾಲ್ಗೆಜ್ಜೆಯ ಸದ್ದು ಮಾಡುತ್ತಾ ನಡೆದು ಬಂದು ಅವರ ತೊಡೆಯೇರಿ ಕುಳಿತಿತು. ಅವರು ಅದನ್ನು ‘ನನ್ನ ಚೆಲುವಪಿಳ್ಳೆ’ ಎಂದು ಅಪ್ಪಿಕೊಂಡರು. ಚೆಲುವಪಿಳ್ಳೆ ಎಂದರೆ ಮುದ್ದಿನ ಮಗ. ದೇವರಿಗೆ ಸಂಪತ್ಕುಮಾರ ಎಂಬ ಸಂಸ್ಕೃತದ ಹೆಸರೂ ಇದೆಯಾದರೂ ಊರಿನವರ ಬಾಯಲ್ಲಿ ಬರುವುದು ಚೆಲುವಪಿಳ್ಳೆ, ಚೆಲುವರಾಯ ಎಂಬ ಹೆಸರುಗಳೇ. ಅಗಲಿಕೆಯನ್ನು ತಾಳಲಾರದೆ ಹಿಂದೆಯೇ ಬಂದ ರಾಜಕುಮಾರಿ ಕೊನೆಗೆ ದೇವರಲ್ಲೇ ಐಕ್ಯಳಾದಳು.

ಇಂಥದೇ ಕಥೆ ಶ್ರೀರಂಗದಲ್ಲೂ ಇದೆ. ಅಲ್ಲಿ ಸುಲ್ತಾನನ ಮಗಳನ್ನು ತುಲುಕ್ಕ ನಾಚ್ಚಿಯಾರ್ ಎಂದು ಕರೆಯುತ್ತಾರೆ ಮತ್ತು ಆಕೆಯ ಸಲುವಾಗಿ ರಂಗನಾಥನಿಗೆ ರೊಟ್ಟಿಯ ನೈವೇದ್ಯ ಆಗುತ್ತದೆ. ಶ್ರೀರಂಗದ ಕಥೆಯ ಹಿಂದೆ ಮಾತ್ರ ಖಚಿತವಾದ ಇಸವಿಗಳಿವೆ. 1311ರಲ್ಲಿ ದಿಲ್ಲಿಯ ದಂಡನಾಯಕ ಮಲಿಕ್ ಕಾಫೂರನ ಸೈನ್ಯ ಹೊಯ್ಸಳರ ರಾಜಧಾನಿ ದೋರಸಮುದ್ರವನ್ನು ಮಣಿಸಿ ತಮಿಳುನಾಡಿಗೆ ಇಳಿಯಿತು. 1323ರಲ್ಲಿ ದಿಲ್ಲಿಯ ಸೈನ್ಯ ಮತ್ತೆ ಬಂದಾಗ ರಂಗನಾಥನ ಉತ್ಸವಮೂರ್ತಿಯನ್ನು ಹೊತ್ತು ಅರ್ಚಕರು ಊರು ಬಿಟ್ಟರು. ಆ ಮೂರ್ತಿ ಮರಳಿ ಬಂದದ್ದು ವಿಜಯನಗರದ ಕಾಲದಲ್ಲಿ, 1371ರಲ್ಲಿ. ಸುಮಾರು ಐವತ್ತು ವರ್ಷ ದೇವರಿಲ್ಲದೆ ಇದ್ದ ಒಂದು ಸಮುದಾಯ ದೇವರು ಹೋದದ್ದನ್ನೂ ಬಂದದ್ದನ್ನೂ ಕಥೆಯಾಗಿ ಹೇಳಿಕೊಳ್ಳುವುದು ಸಹಜ. ಆ ನೆನಪು ಮೇಲುಕೋಟೆಗೂ ಹರಿದು ಬಂದು, ಎಲ್ಲ ಒಳ್ಳೆಯ ಕೆಲಸಗಳನ್ನೂ ಆಚಾರ್ಯರ ಹೆಸರಿಗೆ ಸೇರಿಸುವ ರೂಢಿಯಂತೆ ಎರಡು ಶತಮಾನ ಹಿಂದಕ್ಕೆ ಸರಿದು ರಾಮಾನುಜರ ಚರಿತ್ರೆಯೊಳಗೆ ಕುಳಿತಿರಬೇಕು. ಇದು ನಮ್ಮ ಊಹೆ.

ಆದರೆ ಗುಡಿಯೊಳಗೆ ಕಾಣುವುದಕ್ಕೆ ಯಾವ ಊಹೆಯೂ ಬೇಕಿಲ್ಲ. ಉತ್ಸವಮೂರ್ತಿಯ ಪಾದದ ಬಳಿ ಪುಟ್ಟದೊಂದು ಸ್ತ್ರೀವಿಗ್ರಹವಿದೆ. ಹೂವಿನ ಅಲಂಕಾರ ದಟ್ಟವಾದ ದಿನ ಅರ್ಚಕರು ಆರತಿಯ ಬೆಳಕನ್ನು ಕೆಳಗಿಳಿಸಿ ತೋರಿಸದಿದ್ದರೆ ಕಣ್ಣಿಗೆ ಬೀಳುವುದೇ ಕಷ್ಟ. ಆಕೆ ಬೀಬಿ ನಾಚ್ಚಿಯಾರ್. ‘ಬೀಬಿ’ ಎಂಬುದು ಮುಸ್ಲಿಂ ಮನೆಗಳ ಗೌರವದ ಮಾತು, ‘ನಾಚ್ಚಿಯಾರ್’ ಎಂಬುದು ಆಂಡಾಳ್‌ಗೂ ಲಕ್ಷ್ಮಿಗೂ ಸಲ್ಲುವ ತಮಿಳು ಪದವಿ. ವರನಂದಿನಿ ಎಂಬ ಸಂಸ್ಕೃತ ಹೆಸರನ್ನೂ ಕೊಟ್ಟಿದ್ದಾರೆ. ಹೀಗಿದ್ದೂ ಬೀಬಿ ಎಂಬ ಮಾತನ್ನು ಯಾರೂ ಅಳಿಸಿಲ್ಲ. ಪಲ್ಲಕ್ಕಿ ಹೊರಟಾಗ ಆಕೆಯೂ ದೇವರ ಜೊತೆಗೇ ಹೊರಡುತ್ತಾಳೆ.

ಪ್ರಶ್ನೆ: ಮೇಲುಕೋಟೆಯಲ್ಲಿ ಹಿಂದಿನ ಕಾಲದಿಂದಲೇ ದಲಿತರಿಗೆ ದೇವಸ್ಥಾನ ಪ್ರವೇಶವಿತ್ತು ಎಂದು ಹೇಳುವುದು ನಿಜವೇ? (ಓದುಗರು, ಚಾಮರಾಜನಗರ)

ಉತ್ತರ: ನಿಜ, ಆದರೆ ವರ್ಷಕ್ಕೆ ಮೂರು ದಿನ ಮಾತ್ರ. ಇದರ ಬೇರು ಕೂಡ ಮೇಲಿನ ಕಥೆಯಲ್ಲೇ ಇದೆ. ದಿಲ್ಲಿಯಿಂದ ಬರುವ ದಾರಿಯಲ್ಲಿ ವಿಗ್ರಹವನ್ನು ಕಾಪಾಡಿ ತರಲು ನೆರವಾದವರು ಅಸ್ಪೃಶ್ಯರೆಂದು ದೂರ ಇಡಲಾಗಿದ್ದ ಜನ, ಅದಕ್ಕೆ ಪ್ರತಿಯಾಗಿ ರಾಮಾನುಜರು ಅವರನ್ನು ತಿರುಕುಲದವರು, ಅಂದರೆ ಶ್ರೀಕುಲದವರು, ಎಂದು ಕರೆದು ಗುಡಿಯೊಳಗೆ ಬರುವ ಹಕ್ಕು ಕೊಟ್ಟರು ಎಂಬುದು ಐತಿಹ್ಯ. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಈ ಸೀಮೆಯನ್ನೆಲ್ಲ ಸುತ್ತಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಈ ರೂಢಿಯನ್ನು ಬರೆದಿಟ್ಟಿದ್ದಾನೆ. ಆದ್ದರಿಂದ ಇದು ಯಾರೋ ಇತ್ತೀಚೆಗೆ ಹುಟ್ಟಿಸಿದ ಮಾತಲ್ಲ.

ಇದನ್ನು ಹೊಗಳಿ ಬರೆಯುವವರು ಮೂರು ದಿನದ ಬಾಗಿಲನ್ನು ತೋರಿಸುತ್ತಾರೆಯೇ ಹೊರತು ಉಳಿದ ದಿನಗಳ ಬಾಗಿಲ ಮಾತನ್ನು ಎತ್ತುವುದಿಲ್ಲ. ದೇವರನ್ನು ಹೊತ್ತು ತಂದವರೆಂದು ತಾನೇ ಒಪ್ಪಿಕೊಂಡವರಿಗೆ ಊರು ಕೊಟ್ಟದ್ದು ಮೂರು ದಿನ. ಆ ಮೂರು ದಿನ ಕಳೆದ ಮೇಲೆ ಗುಡಿಯ ಶುದ್ಧಿ ಬೇರೆ ನಡೆಯುತ್ತಿತ್ತು. ಅದೇ ಹೊತ್ತಿನಲ್ಲಿ, ಒಂದು ದಿನವೂ ತೆರೆಯದ ಗುಡಿಗಳೇ ತುಂಬಿದ್ದ ನಾಡಿನಲ್ಲಿ, ಕಥೆಯೊಂದರ ಬಲದಿಂದ ಇಷ್ಟಾದರೂ ಶತಮಾನಗಳ ಕಾಲ ತಪ್ಪದೆ ನಡೆದು ಬಂದದ್ದೂ ಸಣ್ಣ ಮಾತಲ್ಲ. ಎರಡನ್ನೂ ಒಟ್ಟಿಗೇ ಹೇಳಬೇಕು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ, ಅಸ್ಪೃಶ್ಯತೆಯನ್ನು ರದ್ದುಮಾಡಿದ 17ನೇ ವಿಧಿಯ ನಂತರ ಈ ಎಣಿಕೆಗೆ ಅರ್ಥವಿಲ್ಲ.

ಪ್ರಶ್ನೆ: ದೇವರ ಕಿರೀಟಕ್ಕೆ ‘ವೈರಮುಡಿ’ ಎಂಬ ಹೆಸರೇಕೆ ಎಂದು ಮೊಮ್ಮಗಳು ಕೇಳಿದಳು. ಅದನ್ನು ರಾತ್ರಿಯಲ್ಲೇ ತೊಡಿಸುವುದೇಕೆ? (ಓದುಗರು, ಮೈಸೂರು)

ಉತ್ತರ: ಮೊಮ್ಮಗಳ ಅನುಮಾನ ಸಹಜವಾದದ್ದೇ, ಇಲ್ಲಿ ವೈರ ಎಂದರೆ ಹಗೆತನವಲ್ಲ, ವಜ್ರ. ವಜ್ರಕ್ಕೆ ತಮಿಳಿನಲ್ಲಿ ವೈರಂ ಎನ್ನುತ್ತಾರೆ, ಮುಡಿ ಎಂದರೆ ಕಿರೀಟ. ಆಚಾರ್ಯರ ಜೊತೆ ಬಂದ ತಮಿಳು ಮಾತುಗಳು ಈ ಊರಿನ ಕನ್ನಡದಲ್ಲಿ ಹೀಗೆ ಹಲವು ಕಡೆ ಉಳಿದುಕೊಂಡಿವೆ.

ಕ್ಷೀರಸಾಗರದಲ್ಲಿ ಮಲಗಿದ್ದ ವಿಷ್ಣುವಿನ ಕಿರೀಟವನ್ನು ಪ್ರಹ್ಲಾದನ ಮಗ ವಿರೋಚನ ಕದ್ದೊಯ್ದನಂತೆ. ಗರುಡ ಅವನೊಡನೆ ಕಾದಾಡಿ ಅದನ್ನು ಮರಳಿ ತರುವಾಗ ನೆತ್ತಿಯ ನೀಲಮಣಿ ಜಾರಿ ಬಿದ್ದು, ಈಗಿನ ತಮಿಳುನಾಡಿನ ನಾಚ್ಚಿಯಾರ್ ಕೋವಿಲ್ ಬಳಿ ಮಣಿಮುತ್ತಾರು ಎಂಬ ನದಿಯಾಗಿ ಹರಿಯಿತು. ಗರುಡ ಕಿರೀಟವನ್ನು ಬೃಂದಾವನದಲ್ಲಿ ಕೃಷ್ಣನ ತಲೆಗೆ ತೊಡಿಸಿದ, ಕೃಷ್ಣ ಅದನ್ನು ತನ್ನ ಮನೆದೇವರಾದ ರಾಮಪ್ರಿಯನಿಗೆ ಅರ್ಪಿಸಿದ. ಅದಕ್ಕೇ ಫಾಲ್ಗುಣದ ಪುಷ್ಯ ನಕ್ಷತ್ರದ ರಾತ್ರಿ ವೈರಮುಡಿ ಧರಿಸಿದ ಚೆಲುವಪಿಳ್ಳೆ ಗರುಡನ ಮೇಲೇ ಕುಳಿತು ಬರುತ್ತಾನೆ.

ಈ ಕಿರೀಟಕ್ಕೆ ಹಗಲಿನ ಬೆಳಕು ಸೋಕಬಾರದು ಎಂಬುದು ಕಟ್ಟಳೆ. ವರ್ಷವಿಡೀ ಅದು ಮಂಡ್ಯದ ಸರ್ಕಾರಿ ಖಜಾನೆಯಲ್ಲಿರುತ್ತದೆ; ಉತ್ಸವದ ದಿನ ಪೆಟ್ಟಿಗೆಯಲ್ಲೇ, ಪೊಲೀಸ್ ಕಾವಲಿನಲ್ಲಿ ಹೊರಡುತ್ತದೆ. ದಾರಿಯ ಹಳ್ಳಿಗಳವರು ಮುಚ್ಚಿದ ಪೆಟ್ಟಿಗೆಗೇ ಹೂವು, ಕಾಯಿ, ಆರತಿ ಸಲ್ಲಿಸುತ್ತಾರೆ. ತೊಡಿಸುವ ಅರ್ಚಕರೂ ಅದನ್ನು ಬರಿಗಣ್ಣಿನಲ್ಲಿ ನೋಡುವಂತಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೈಯಂದಾಜಿನಲ್ಲಿ ದೇವರ ತಲೆಗೆ ಕೂರಿಸುತ್ತಾರೆ. ಆಮೇಲೆ ಬೀದಿಯಲ್ಲಿ ನಿಂತ ಸಾವಿರಾರು ಜನ ಕಣ್ತುಂಬ ನೋಡುತ್ತಾರೆ. ಈ ತರ್ಕವನ್ನು ಅಲ್ಲಿ ಯಾರೂ ಕೇಳುವುದಿಲ್ಲ, ನಾವೂ ಕೇಳಬೇಕಿಲ್ಲ.

ಮೊಮ್ಮಗಳಿಗೆ ಇನ್ನೊಂದು ವಿಷಯವನ್ನೂ ಹೇಳಿ. 1610ರಲ್ಲಿ ಶ್ರೀರಂಗಪಟ್ಟಣವನ್ನು ಗೆದ್ದ ರಾಜ ಒಡೆಯರು ಕೊಟ್ಟ ರಾಜಮುಡಿ, ಮುಮ್ಮಡಿ ಕೃಷ್ಣರಾಜ ಒಡೆಯರು ಕೊಟ್ಟ ಕೃಷ್ಣರಾಜಮುಡಿ, ಹೀಗೆ ಚೆಲುವಪಿಳ್ಳೆಗೆ ಇನ್ನೂ ಎರಡು ಕಿರೀಟಗಳಿವೆ. ರಾಜ ಒಡೆಯರ ಉಬ್ಬುಶಿಲ್ಪವೂ ದೇವಸ್ಥಾನದ ಕಂಬವೊಂದರ ಮೇಲೆ, ಹೆಸರಿನ ಸಮೇತ, ಕೈಮುಗಿದು ನಿಂತಿದೆ.

ಪ್ರಶ್ನೆ: ನಮ್ಮ ಅಜ್ಜನ ಪೆಟ್ಟಿಗೆಯಲ್ಲಿ ಬಿಳಿ ಮಣ್ಣಿನ ಉಂಡೆಗಳು ಸಿಕ್ಕಿವೆ. ‘ಮೇಲುಕೋಟೆಯದು’ ಎಂದು ಚೀಟಿ ಇದೆ. ಏನಿದು? (ಓದುಗರು, ಶಿವಮೊಗ್ಗ)

ಉತ್ತರ: ಅದು ನಾಮದ ಮಣ್ಣು, ಶ್ರೀವೈಷ್ಣವರು ತಿರುಮಣ್ ಎನ್ನುತ್ತಾರೆ. ತೊಣ್ಣೂರಿನಲ್ಲಿದ್ದಾಗ ರಾಮಾನುಜರಿಗೆ ಹಣೆಗಿಡುವ ಮಣ್ಣು ಮುಗಿದುಹೋಯಿತು, ಅದನ್ನು ಹುಡುಕುತ್ತಾ ಕನಸಿನಲ್ಲಿ ಕಂಡ ದಾರಿ ಹಿಡಿದು ಯದುಗಿರಿ, ಅಂದರೆ ಮೇಲುಕೋಟೆಯ ಬೆಟ್ಟ, ಹತ್ತಿದಾಗಲೇ ಹುತ್ತದೊಳಗಿನ ದೇವರೂ ಸಿಕ್ಕಿದ ಎಂಬುದು ಕಥೆ. ಈ ಮಣ್ಣನ್ನು ಶ್ವೇತದ್ವೀಪದಿಂದ ತಂದು ಹಾಕಿದವನು ಗರುಡನೇ ಎಂದೂ ಹೇಳುತ್ತಾರೆ. ಇದಕ್ಕೆ ಎಷ್ಟು ಬೇಡಿಕೆ ಇತ್ತೆಂದರೆ ಕಾಶಿಯವರೆಗೂ ಒಯ್ಯುತ್ತಿದ್ದರು ಎಂದು ಮೈಸೂರು ಸೀಮೆಯ ಹಳೆಯ ಗೆಜೆಟಿಯರ್‌ನಲ್ಲಿ ದಾಖಲಾಗಿದೆ. ಅಂಗೈಯಲ್ಲಿ ಎರಡು ತೊಟ್ಟು ನೀರು ಹಾಕಿ ಉಂಡೆಯನ್ನು ತೇಯ್ದರೆ ನುಣ್ಣನೆಯ ಗಂಧದಂತೆ ಬರುತ್ತದೆ, ಒಣಗಿದಷ್ಟೂ ಬೆಳ್ಳಗಾಗುತ್ತದೆ. ಎಷ್ಟು ಹಳೆಯದಾದರೂ ಕೆಡುವ ವಸ್ತುವಲ್ಲ, ಎಸೆಯಬೇಡಿ.