ಮರುಭೂಮಿ ಚಾರಣಕ್ಕೆ ಟಾರ್ಪ್ ಸಾಕೇ, ದಾರಿಯಲ್ಲಿ ನೀರು ಹುಡುಕಿಕೊಳ್ಳಬಹುದೇ?

ಅರ್ಧ ಕಿಲೋ ತೂಗುವ ಟಾರ್ಪ್ (ಹಗ್ಗದಿಂದ ಕಟ್ಟಿ ಚಾವಣಿ ಮಾಡಿಕೊಳ್ಳುವ ಹಾಳೆ) ಸಾಕೇ ಅಥವಾ ಟೆಂಟ್ ಬೇಕೇ, ನೀರನ್ನು ಹೊರುವ ಬದಲು ನಕ್ಷೆ ನೋಡಿಕೊಂಡು ದಾರಿಯಲ್ಲೇ ಹುಡುಕಿಕೊಳ್ಳಬಹುದೇ ಎಂದು ಕೇಳಿದ್ದೀರಿ. ಇದೇ ಲೆಕ್ಕಾಚಾರವನ್ನು ನಂಬಿ ಗೆಳೆಯನೊಬ್ಬನ ಜೊತೆ ಹೊರಟಿದ್ದವನು ನಾನು. ನಕ್ಷೆಯಲ್ಲಿ ಕಂಡ ಒರತೆಯೊಂದರವರೆಗೆ ಸಾಲುವಷ್ಟೇ ನೀರು ತುಂಬಿಕೊಂಡಿದ್ದೆವು. ಮಧ್ಯಾಹ್ನ ಅಲ್ಲಿಗೆ ತಲುಪಿದಾಗ ಬಿರುಕು ಬಿಟ್ಟ ಕೆಸರು ಮತ್ತು ಒಣಗಿದ ಜೊಂಡು ಮಾತ್ರ ಇದ್ದವು.

ನಕ್ಷೆಯಲ್ಲಿ ಆ ಒರತೆಯಿದ್ದ ಹಳ್ಳದ ನೀಲಿ ಗೆರೆ ತುಂಡು ತುಂಡಾಗಿತ್ತು. ಹಾಗಿದ್ದರೆ ಅಲ್ಲಿ ನೀರು ವರ್ಷವಿಡೀ ಇರುವುದಿಲ್ಲ ಎಂದರ್ಥ. ಆದರೆ ನಮಗೆ ದುಬಾರಿಯಾದದ್ದು ಆ ಗೆರೆಯಲ್ಲ, ಒರತೆ ಬತ್ತಿದ್ದರೆ ಹಿಂದಿರುಗುವ ದಾರಿಗೆ ಬೇಕಾದ ನೀರನ್ನು ನಾವು ಲೆಕ್ಕಕ್ಕೇ ಹಿಡಿಯದಿದ್ದದ್ದು. ಹೋಗಲು 4 ಲೀಟರ್ ಬೇಕಾದರೆ ಬರಲೂ ಕನಿಷ್ಠ ಅಷ್ಟೇ ಬೇಕು. ಬೆಳಗಿನ ತಂಪಿನಲ್ಲಿ ಹೋಗಿ ಬಿಸಿಲಿನಲ್ಲಿ ಮರಳುವುದಾದರೆ ಅದಕ್ಕಿಂತಲೂ ಹೆಚ್ಚು ಬೇಕು. ಆದ್ದರಿಂದ ಮುಂದಿನ ನೀರು ಖಚಿತವಿಲ್ಲದಿದ್ದರೆ, ಹೊತ್ತದ್ದರಲ್ಲಿ ಅರ್ಧ ಮುಗಿಯುವ ಮೊದಲೇ ತಿರುಗಿ ನಡೆಯಬೇಕು. ನಾವು ಒರತೆಯ ಬಳಿ ನಿಂತಾಗ ನಮ್ಮಲ್ಲಿ ಉಳಿದದ್ದು ಒಂದು ಬಾಟಲಿಯ ತಳದಷ್ಟು.

ಒಣಹಳ್ಳದ ತಿರುವಿನ ಹೊರ ಅಂಚಿನಲ್ಲಿ ಅಗೆದರೆ ನೀರು ಸಿಗಬಹುದು ಎಂಬುದು ಸುಳ್ಳೇನಲ್ಲ. ಪಾತ್ರೆಯ ಮುಚ್ಚಳದಿಂದ ಮೊಳಕೈ ಆಳಕ್ಕೆ ಅಗೆದಾಗ ಮರಳು ಒದ್ದೆಯಾಯಿತು, ಕಂದು ನೀರು ತೊಟ್ಟು ತೊಟ್ಟಾಗಿ ಜಿನುಗಿತು. ಅದನ್ನು ನೇರವಾಗಿ ಫಿಲ್ಟರಿಗೆ ಸುರಿದೆವು. ಹೂಳು ಕೂತು ಅದೂ ಕಟ್ಟಿಕೊಂಡಿತು. ಅಗೆಯುವಾಗ ಹರಿದ ಬೆವರು ಸಿಕ್ಕಿದ ನೀರಿಗಿಂತ ಹೆಚ್ಚಿತ್ತು. ಅಷ್ಟರಲ್ಲಿ ಗೆಳೆಯನಿಗೆ ತಲೆನೋವು, ವಾಕರಿಕೆ ಶುರುವಾದವು. ದಂಡೆಯ ಮೇಲೆ ಟಾರ್ಪ್ ಕಟ್ಟಿ, ಅದರ ನೆರಳಿನಲ್ಲಿ ಸಂಜೆಯವರೆಗೆ ಮಲಗಿದ್ದು, ಕತ್ತಲಾದ ಮೇಲೆ ಹಿಂದಕ್ಕೆ ನಡೆದೆವು.

ಹಾಗಾಗಿ ನಿಮ್ಮ ಪ್ರಶ್ನೆಯ ಎರಡನೆಯ ಭಾಗವನ್ನು ನಾನು ಒಪ್ಪುವುದಿಲ್ಲ. ಮರುಭೂಮಿಯಲ್ಲಿ ನೀರನ್ನು ಹೊರಬೇಕು; ಆಸರೆಯನ್ನು ಹಗುರ ಮಾಡಿಕೊಳ್ಳುವುದೇ ಅದಕ್ಕಾಗಿ. ಎರಡು ಕಿಲೋ ಟೆಂಟಿನ ಬದಲು ಅರ್ಧ ಕಿಲೋ ಟಾರ್ಪ್ ಒಯ್ದರೆ ಉಳಿಯುವ ತೂಕಕ್ಕೆ ಒಂದೂವರೆ ಲೀಟರ್ ನೀರು ಬರುತ್ತದೆ, ಮತ್ತು ಬಿಸಿಲಿನಲ್ಲಿ ನಡೆಯುವವನಿಗೆ ದಿನಕ್ಕೆ 4 ಲೀಟರ್ ಎಂಬುದು ಕನಿಷ್ಠ ಲೆಕ್ಕ. ಪ್ಲಾಸ್ಟಿಕ್ ಹಾಳೆ ಹೊದಿಸಿದ ಗುಂಡಿಯಿಂದ ಆವಿ ಹಿಡಿಯುವ ಉಪಾಯ, ಕಳ್ಳಿಯ ತಿರುಳನ್ನು ಹಿಂಡಿ ಕುಡಿಯುವ ಉಪಾಯ, ಎರಡನ್ನೂ ಮರೆತುಬಿಡಿ: ಮೊದಲನೆಯದರಲ್ಲಿ ಅಗೆತಕ್ಕೆ ತಕ್ಕ ಫಲವಿಲ್ಲ, ಎರಡನೆಯದು ಅನೇಕ ಜಾತಿಯ ಕಳ್ಳಿಗಳಲ್ಲಿ ವಾಂತಿ ತರಿಸುತ್ತದೆ. ಬಂಡೆಯ ಗುಳಿಗಳಲ್ಲಿ ನೀರು ಸಿಕ್ಕರೆ ಮೊದಲು ಪಾತ್ರೆಯಲ್ಲಿ ತಿಳಿಯಾಗಲು ಬಿಡಿ, ಬಟ್ಟೆಯಲ್ಲಿ ಸೋಸಿ, ಆಮೇಲೆ ಫಿಲ್ಟರಿಗೆ ಹಾಕಿ. ಉಪ್ಪುನೀರನ್ನು ಮಾತ್ರ ಚಾರಣದ ಫಿಲ್ಟರ್ ಸಿಹಿ ಮಾಡುವುದಿಲ್ಲ.

ಟಾರ್ಪಿಗೆ ಚಾರಣದ ಕೋಲುಗಳೇ ಕಂಬವಾಗಲಿ. ಸಡಿಲ ಮರಳಿನಲ್ಲಿ ಗೂಟ ನಿಲ್ಲುವುದಿಲ್ಲ. ಸಣ್ಣ ಚೀಲಗಳಿಗೆ ಮರಳು ತುಂಬಿ, ಹಗ್ಗವನ್ನು ಅವುಗಳ ನಡುವಿಗೆ ಬಿಗಿದು, ಆಳದಲ್ಲಿ ಹೂತುಬಿಡಿ. ಗಾಳಿ ಬೀಸುವ ಕಡೆಯ ಅಂಚು ನೆಲಕ್ಕೆ ತಾಗುವಷ್ಟು ತಗ್ಗಿರಲಿ. ಚೇಳು, ಹುಳಗಳ ಭಯವಿದ್ದರೆ ತಳವಿರುವ ಬಲೆಯ ಒಳಪದರ ಒಯ್ಯಿರಿ, ಆ ಹೆಚ್ಚುವರಿ ತೂಕಕ್ಕೆ ನನ್ನ ಆಕ್ಷೇಪವಿಲ್ಲ. ಒಣಹಳ್ಳದ ಪಾತ್ರದಲ್ಲಂತೂ ಎಂದಿಗೂ ಮಲಗಬೇಡಿ. ದೂರದ ಬೆಟ್ಟದಲ್ಲಿ ಸುರಿದ ಮಳೆ, ನಿಮ್ಮ ತಲೆಯ ಮೇಲೆ ಆಕಾಶ ಶುಭ್ರವಾಗಿರುವಾಗಲೇ ಪ್ರವಾಹವಾಗಿ ಬರಬಲ್ಲದು.

ಹೊರಡುವ ಮೊದಲು, ಈಚಿನ ದಿನಗಳಲ್ಲಿ ಆ ದಾರಿಯಲ್ಲಿ ನಡೆದವರನ್ನು ಅಥವಾ ಅಲ್ಲಿ ಕುರಿ ಮೇಯಿಸುವವರನ್ನು ಕೇಳಿ. ಒಂದು ದಿನದ ನಡಿಗೆಯೊಳಗೆ ನೀರಿದೆ ಎಂದು ಕಂಡವರು ಯಾರೂ ಹೇಳದಿದ್ದರೆ, ಅನುಮತಿ ಇರುವ ಕಡೆ ಮೊದಲೇ ನೀರಿನ ಕ್ಯಾನುಗಳನ್ನು ಇಟ್ಟು ಬನ್ನಿ. ಅದೂ ಆಗದಿದ್ದರೆ ಆ ದಾರಿಯನ್ನು ಮಳೆಯ ನಂತರದ ತಂಪು ತಿಂಗಳುಗಳಿಗೆ ಮುಂದೂಡಿ.