ಗಿರಣಿಯ ಚರಿತ್ರೆಯಲ್ಲಿ ಗಿರಣಿಯವರು

ಮುಧೋಳ ತಾಲ್ಲೂಕಿನ ಓದುಗರೊಬ್ಬರ ಪತ್ರ:

"ಕಳೆದ ಸಂಚಿಕೆಯಲ್ಲಿ ಬಂದ ಬೆಂಗಳೂರಿನ ಉಣ್ಣೆ ಗಿರಣಿಯ ಇತಿಹಾಸವನ್ನು ರವಿವಾರ ಬಿಡುವು ಮಾಡಿಕೊಂಡು ಓದಿದೆ. ಕಟ್ಟಿದವರು, ಬಂಡವಾಳ, ಯಂತ್ರ ಇವಕ್ಕೆಲ್ಲ ಸೇರಿ ಒಂದೂವರೆ ಪುಟ. ಕಾರ್ಮಿಕರ ಚಾಳು, ಕೆಮ್ಮು, ಮುಷ್ಕರಕ್ಕೆ ಐದು ಪುಟ. ಇದು ಇತಿಹಾಸವೋ, ಅಹವಾಲೋ? ಗಿರಣಿ ಬಂದದ್ದರಿಂದಲೇ ಸಾವಿರಾರು ಮನೆಗಳ ಒಲೆ ಹೊತ್ತಿತು. ಅಂಥದೊಂದು ಉಣ್ಣೆ ಗಿರಣಿ ನಮ್ಮ ಕಡೆ ಬಂದಿದ್ದರೆ ಕಂಬಳಿ ನೇಯುವವರ ಬಾಳು ಹಸನಾಗುತ್ತಿತ್ತು."

ಸಂಪಾದಕರ ಉತ್ತರ:

ಮಾನ್ಯರೇ, ಲೇಖನಕ್ಕೆ ಎಷ್ಟು ಪುಟ ಯಾವುದಕ್ಕೆ ಹೋಯಿತೆಂದು ಲೆಕ್ಕ ಹಾಕಿ ಓದುವ ಓದುಗರು ಈಗ ಕಡಿಮೆ. ಅದಕ್ಕಾಗಿ ನಿಮಗೆ ವಂದನೆ. ಹಾಗೆ ಓದುವವರೊಡನೆ ಜಗಳ ಆಡುವುದಕ್ಕೂ ಮನಸ್ಸು ಬರುತ್ತದೆ.

ಹಣ ಹೂಡಿದವರ ಧೈರ್ಯವನ್ನು ನಾನು ಅಲ್ಲಗಳೆಯುವುದಿಲ್ಲ. 1884ರಲ್ಲಿ ಬೆಂಗಳೂರಿನ ಉಣ್ಣೆ ಗಿರಣಿ ಎದ್ದದ್ದು, ಎರಡು ವರ್ಷದಲ್ಲಿ ಅದರ ಆಡಳಿತ ಬಿನ್ನಿ ಕಂಪನಿಯ ಕೈಗೆ ಹೋದದ್ದು, ನಮ್ಮ ಗೋಕಾಕದಲ್ಲಿ 1885ರಲ್ಲಿ ಕಂಪನಿ ನೋಂದಣಿಯಾಗಿ 1887ಕ್ಕೆ ಘಟಪ್ರಭೆಯ ನೀರಿನ ಬಲದಿಂದ ಹತ್ತಿ ನೂಲುವ ಗಿರಣಿ ಓಡಿದ್ದು, ಎಲ್ಲವೂ ಸಾಹಸವೇ. ಆದರೆ ಈ ಸಾಹಸ ಹೇಳುವವರಿಗೆ ಎಂದೂ ಬರವಿಲ್ಲ. ಕಂಪನಿಯ ದಫ್ತರಗಳಲ್ಲಿ ಅದು ಇದೆ, ಗೆಜೆಟಿಯರುಗಳಲ್ಲಿ ಇದೆ, ಕಲ್ಲಿನ ಫಲಕಗಳ ಮೇಲೂ ಇದೆ. ಉಳಿದದ್ದನ್ನು ಯಾರು ಬರೆಯಬೇಕು?

ರವಿವಾರ ಬಿಡುವು ಮಾಡಿಕೊಂಡು ಓದಿದೆ ಎಂದಿರಿ. ಆ ರವಿವಾರ ಎಲ್ಲಿಂದ ಬಂತೆಂಬುದೂ ಗಿರಣಿಯ ಇತಿಹಾಸವೇ. 1881ರಲ್ಲಿ ಬಂದ ನಮ್ಮ ಮೊದಲ ಕಾರ್ಖಾನೆ ಕಾಯ್ದೆ ಏಳು ವರ್ಷದ ಮಗುವನ್ನೂ ದಿನಕ್ಕೆ ಒಂಬತ್ತು ತಾಸು ದುಡಿಸಬಹುದು ಎಂದಿತ್ತು. ದೊಡ್ಡವರಿಗೆ ಎಷ್ಟು ತಾಸು ಎಂಬ ಮಿತಿಯನ್ನೇ ಹಾಕಿರಲಿಲ್ಲ. ಬೆಂಗಳೂರಿನ ಗಿರಣಿ ಎದ್ದ ಅದೇ 1884ರಲ್ಲಿ ಮುಂಬಯಿಯ ನಾರಾಯಣ ಮೇಘಾಜಿ ಲೋಖಂಡೆ ಗಿರಣಿ ಕಾರ್ಮಿಕರ ಸಭೆ ಕೂಡಿಸಿ ವಾರಕ್ಕೊಂದು ರಜೆ ಬೇಕೆಂದು ಅರ್ಜಿ ಬರೆಸಿದರು. ಆರು ವರ್ಷ ಬೆನ್ನು ಬಿಡಲಿಲ್ಲ. 1890ರಲ್ಲಿ ಮುಂಬಯಿಯ ಮಾಲೀಕರು ಒಪ್ಪಿದರು, 1891ರಲ್ಲಿ ವಾರದ ರಜೆ ಕಾಯ್ದೆಗೆ ಸೇರಿತು. ಗಂಡಸರ ದುಡಿಮೆಗೆ ದಿನಕ್ಕೆ 12 ತಾಸಿನ ಮಿತಿ ಬೀಳಲು 1911 ಬರಬೇಕಾಯಿತು. ಇದನ್ನು ಅಹವಾಲು ಎನ್ನುತ್ತೀರಾದರೆ, ಹೌದು, ಆ ಅಹವಾಲಿನ ಫಲವನ್ನು ನೀವೂ ನಾನೂ ವಾರವಾರ ಉಣ್ಣುತ್ತಿದ್ದೇವೆ.

ಇನ್ನು ಕೆಮ್ಮಿನ ಮಾತು. ಯಂತ್ರದ ಬಗ್ಗೆ ಹೆಚ್ಚು ಬರೆಯಿರಿ ಎನ್ನುವವರಿಗೆ ನಾನು ಇಂಗ್ಲೆಂಡಿನ ಬ್ರ್ಯಾಡ್‌ಫರ್ಡ್ ಕತೆ ಹೇಳುತ್ತೇನೆ. ಅದು ಉಣ್ಣೆಯದೇ ಊರು. ಅಲ್ಲಿ ಹೊರದೇಶದ ಉಣ್ಣೆ ಮೂಟೆ ಬಿಚ್ಚಿ ವಿಂಗಡಿಸುವ ಗಟ್ಟಿಮುಟ್ಟಾದ ಆಳುಗಳು ಜ್ವರ ಬಂದು ಕೆಲವೇ ದಿನಗಳಲ್ಲಿ ಸಾಯುತ್ತಿದ್ದರು. ಜಾನ್ ಹೆನ್ರಿ ಬೆಲ್ ಎಂಬ ಅಲ್ಲಿನ ವೈದ್ಯರು 1879ರ ಸುಮಾರಿಗೆ ಕಾರಣ ಹಿಡಿದರು. ನಮ್ಮ ಕುರಿಗಾರರು ಚೆನ್ನಾಗಿ ಬಲ್ಲ ನೆರಡಿ ರೋಗವೇ (ಆಂಥ್ರಾಕ್ಸ್) ಅದು. ಉಣ್ಣೆಯ ಧೂಳಿನೊಡನೆ ಉಸಿರಿಗೆ ಇಳಿದು ಕೊಲ್ಲುತ್ತಿತ್ತು. ಅಪಾಯದ ಮೂಟೆಯನ್ನು ನೆನೆಸಿಯೇ ಬಿಚ್ಚಬೇಕು, ವಿಂಗಡಿಸುವ ಮೇಜಿನ ಧೂಳನ್ನು ಫ್ಯಾನು ಎಳೆದುಕೊಳ್ಳಬೇಕು ಎಂಬ ನಿಯಮಗಳು ಆ ಸಾವುಗಳ ಬೆನ್ನಿಗೆ ಬಂದವು. ಆ ಫ್ಯಾನು ಅಲ್ಲಿ ಯಾಕೆ ಇದೆ ಎಂದು ಹೇಳಹೊರಟರೆ ಸತ್ತವರ ಸುದ್ದಿ ಬಿಟ್ಟು ಹೇಳುವುದು ಹೇಗೆ?

ಹತ್ತಿಯ ಧೂಳಿನ ಕತೆ ಬೇರೆ. ಗಿರಣಿಯೊಂದರಲ್ಲಿ ನೂಲು ಸುತ್ತುವ ರೀಲಿಂಗ್ ಖಾತೆಯಲ್ಲಿ ಆಯುಷ್ಯ ಸವೆಸಿದ ಅಜ್ಜಿಯೊಬ್ಬರು ಒಮ್ಮೆ ನನಗೆ ಹೇಳಿದರು: "ಸೂಟಿ ಮುಗಿಸಿ ಹೋದ ದಿನಾನ ಎದಿ ಬಿಗೀತಿತ್ತು ನೋಡ್ರಿ. ಮರುದಿನ ಅಷ್ಟು ಇರತಿರಲಿಲ್ಲ. ಮೈಗಳ್ಳತನ ಅಂತ ಮುಕಾದಮ ಬೈತಿದ್ದ." ರಜೆ ಕಳೆದ ಮೊದಲ ದಿನವೇ ಎದೆ ಹಿಡಿಯುವುದು ಹತ್ತಿ ಧೂಳಿನಿಂದ ಬರುವ ಬಿಸಿನೋಸಿಸ್ ಎಂಬ ಶ್ವಾಸಕೋಶದ ಕಾಯಿಲೆಯ ಮುಖ್ಯ ಗುರುತು. ವೈದ್ಯರ ಪುಸ್ತಕದಲ್ಲಿದ್ದ ಗುರುತನ್ನು ಆ ತಾಯಿ ಅಕ್ಷರ ಬಾರದೆಯೂ ತಪ್ಪಿಲ್ಲದೆ ಹೇಳಿದ್ದರು. ಅವರ ಮಾತು ಯಾವ ದಾಖಲೆಯಲ್ಲೂ ಇಲ್ಲ.

ಉಣ್ಣೆ ಗಿರಣಿ ನಮ್ಮಲ್ಲಿ ಬಂದಿದ್ದರೆ ಎಂಬ ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ. ಆದರೆ ನಮ್ಮ ದಖನಿ ಕುರಿಯ ಉಣ್ಣೆ ಒರಟು, ಗಿಡ್ಡ. ಸೂಟಿನ ಬಟ್ಟೆ ನೇಯುವ ಗಿರಣಿಗಳು ಆಸ್ಟ್ರೇಲಿಯಾದ ಮೆರಿನೊ ಕುರಿಯ ನಯವಾದ ಉಣ್ಣೆ ತರಿಸಿಕೊಂಡವು. ಒರಟು ಉಣ್ಣೆಗೆ ಗಿರಣಿಯಲ್ಲಿ ಇದ್ದ ದಾರಿ ಮುಖ್ಯವಾಗಿ ಹೊದಿಕೆ, ಜಮಖಾನ. ಈಗ ಲಾಲ್ ಇಮ್ಲಿ ಎಂದು ಹೆಸರಾದ ಕಾನಪುರದ ಗಿರಣಿ 1876ರಲ್ಲಿ ಶುರುವಾದದ್ದೇ ಸೈನ್ಯಕ್ಕೆ ಕಂಬಳಿ ಒದಗಿಸಲು. ಅಂಥ ಗಿರಣಿ ಬಾಗಲಕೋಟೆಗೆ ಬಂದಿದ್ದರೆ ನಮ್ಮ ಕಂಬಳಿಯ ಪಕ್ಕದಲ್ಲೇ ಅಂಗಡಿ ಹಾಕುತ್ತಿತ್ತು. ಮನೆಯ ಹೆಂಗಸರು ಉಣ್ಣೆ ಬಿಡಿಸಿ, ರಾಟಿಯಲ್ಲಿ ನೂತು, ಹಾಸು ನೂಲಿಗೆ ಹುಣಸೆ ಬೀಜದ ಗಂಜಿ ಸವರಿ ಒಣಗಿಸಿ, ಗಂಡಸರು ಕುಣಿ ಮಗ್ಗದಲ್ಲಿ ಇಳಿದು ನೇಯ್ದ ಕಂಬಳಿ ಅದು. ಮಳೆಯಲ್ಲಿ ಕುರಿ ಹಿಂದೆ ನಿಂತವನನ್ನು ಇಡೀ ರಾತ್ರಿ ಕಾಯುತ್ತದೆ. ಗಿರಣಿ ಬಂದರೆ ಮಗ್ಗದವನಿಗೆ ಬದಲಿ ಕೆಲಸ ಸಿಗುತ್ತಿತ್ತೇನೋ. ರಾಟಿಯ ಮುಂದೆ ಕೂತವಳಿಗೆ?

ಗಿರಣಿ ಕೊಟ್ಟದ್ದೂ ಇದೆ. 1952ರ ಫೆಬ್ರವರಿ 24ರಂದು ನೆಹರೂ ಕಾರ್ಮಿಕರ ವಿಮೆಯ ಇಎಸ್‌ಐ ಯೋಜನೆಯನ್ನು ಉದ್ಘಾಟಿಸಿದ್ದು ಕಾನಪುರದಲ್ಲಿಯೇ. ಹಾಜರಿ ಪುಸ್ತಕದಲ್ಲಿ ಹೆಸರಿದ್ದವನಿಗೆ ಔಷಧ ಸಿಕ್ಕಿತು, ಕಾಯಿಲೆ ಬಿದ್ದರೆ ಸ್ವಲ್ಪ ಹಣ ಸಿಕ್ಕಿತು. ಮನೆಯಲ್ಲಿ ನೂತವಳ ಹೆಸರು ಯಾವ ಹಾಜರಿಯಲ್ಲೂ ಇರಲಿಲ್ಲ. ಹಾಜರಿಯಲ್ಲಿದ್ದವರಿಗೂ ಅದು ಕೊನೆಯತನಕ ಆಗಲಿಲ್ಲ. ಲಾಲ್ ಇಮ್ಲಿಯನ್ನು 1981ರಲ್ಲಿ ಸರ್ಕಾರ ವಶಕ್ಕೆ ತೆಗೆದುಕೊಂಡಿತು, ಆಮೇಲೆ ಮಗ್ಗಗಳು ನಿಂತವು, ದುಡಿದವರ ಪಗಾರ ಬಾಕಿ ಉಳಿಯಿತು. ಬೆಂಗಳೂರಿನ ಬಿನ್ನಿ ಜಾಗದಲ್ಲಿ ಈಗ ಅಪಾರ್ಟ್‌ಮೆಂಟುಗಳಿವೆ.

ನನ್ನ ಸಂಕಟ ಇನ್ನೂ ದೊಡ್ಡದು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಈ ನಮ್ಮ ಮೂರೂ ಜಿಲ್ಲೆಗಳ ಇತಿಹಾಸ ಎಂದರೆ ಇಂದಿಗೂ ಸುಲ್ತಾನರು, ದೇಸಾಯರು, ತೋಪು, ಗುಮ್ಮಟ. ದುಡಿದವರ ಬಗ್ಗೆ ಬರೆಯಿರಿ ಎಂದರೆ ಕಾಲೇಜಿನ ಹುಡುಗರು ಗೆಜೆಟಿಯರಿನ ಪುಟವನ್ನೇ ನಕಲು ಮಾಡಿ ತರುತ್ತಾರೆ. ಗೋಕಾಕ ಜಲಪಾತಕ್ಕೆ ಹೋದವರು ತೂಗುಸೇತುವೆಯ ಮೇಲೆ ರೀಲ್ಸ್ ಮಾಡಿ ಬರುತ್ತಾರೆ, ಮೂರು ಪಾಳಿಯಲ್ಲಿ ದುಡಿದ ಜನ ಎಲ್ಲಿದ್ದರು ಎಂದು ಕೇಳುವುದಿಲ್ಲ. ಹಳೇ ಬಾಗಲಕೋಟೆಯ ಭಾಗಗಳನ್ನು ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಬಿಟ್ಟುಕೊಟ್ಟಾಗ ಎಷ್ಟೋ ಮನೆಗಳ ಟ್ರಂಕಿನ ಕಾಗದ ಮುಳುಗಡೆಯವರಿಗೆ ಕಟ್ಟಿದ ನವನಗರದವರೆಗೆ ಬರಲೇ ಇಲ್ಲ. ಇತ್ತ ಕುರಿಗಾರರು ಕತ್ತರಿಸಿದ ಉಣ್ಣೆಗೆ ಬೆಲೆಯಿಲ್ಲದೆ ಹೊಲದಲ್ಲೇ ಬಿಟ್ಟು ಬರುತ್ತಿದ್ದಾರೆ, ನಮ್ಮ ಮದುವೆ ಮನೆಗಳಲ್ಲಿ ಪಾಲಿಯೆಸ್ಟರ್ ರಗ್ಗು ಉಡುಗೊರೆ ಕೊಡುತ್ತಿದ್ದೇವೆ. ನಿಮ್ಮಂಥ ತಿಳಿದವರೇ ಐದು ಪುಟ ಹೆಚ್ಚಾಯಿತು ಎಂದರೆ ನಾನು ಯಾರಿಗೆ ಹೇಳಲಿ?

ಮುಂದಿನ ಸಂಚಿಕೆಯಿಂದ ಎರಡು ಪುಟ ಈ ಜನಕ್ಕೇ ಮೀಸಲಿಡುತ್ತೇವೆ. ಹಾಜರಿ ಕಾರ್ಡು, ಪಗಾರ ಚೀಟಿ, ಬದಲಿ ಆಳಿನ ಪಾಸು, ಸಂಘದ ಕರಪತ್ರ ಏನಿದ್ದರೂ ಫೋಟೊ ತೆಗೆದು ಕಳಿಸಿ. ಯಾವ ಖಾತೆ, ಯಾವ ಪಾಳಿ, ಮೊದಲ ಪಗಾರ ಎಷ್ಟು, ಹೆರಿಗೆಗೆ ಎಷ್ಟು ದಿನ ಬಿಟ್ಟರು ಎಂದು ಜೊತೆಗೆ ಬರೆಯಿರಿ. ಉಣ್ಣೆ ನೂತ ಅಜ್ಜಿಯರ ಹತ್ತಿರ ಕಾಗದ ಇರುವುದಿಲ್ಲ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಂಡು ಕಳಿಸಿ, ತಿದ್ದದೆ ಅಚ್ಚು ಹಾಕುತ್ತೇವೆ.